ಬಾಸೆಲ್‌ನಿಂದ ಬದಿಯಡ್ಕಕ್ಕೆ

ಬಂಗಾರದ ಸಾಲದ ಹೊಸ ನಿಯಮ ಬಂದ ಮೇಲೆ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡದವರ ಗಣಿತ ಬಹಳ ಸುಧಾರಿಸಿದೆ. ಎಂಬತ್ತೈದು ಅಂದರೆ ಎಪ್ಪತ್ತೆಂಟು ಎಂದು ಈಗ ಎಲ್ಲರಿಗೂ ಗೊತ್ತು. ಏಳನೇ ಕ್ಲಾಸಿನಲ್ಲಿ ಮಾಷ್ಟ್ರು ನಾಗರಬೆತ್ತ ಮುರಿದರೂ ತಲೆಗೆ ಹತ್ತದ ಬಡ್ಡಿಲೆಕ್ಕವನ್ನು ರಿಸರ್ವ್ ಬ್ಯಾಂಕು ಒಂದೇ ಸುತ್ತೋಲೆಯಲ್ಲಿ ಹತ್ತಿಸಿಬಿಟ್ಟಿತು.

ಸುದ್ದಿ ನೀವೂ ಓದಿದ್ದೀರಿ. 2025ರ ಜೂನ್ 6ಕ್ಕೆ ಹೊರಟ ನಿರ್ದೇಶನ, 2026ರ ಏಪ್ರಿಲ್ 1ರೊಳಗೆ ಬ್ಯಾಂಕು, ಫೈನಾನ್ಸು ಎನ್ನದೆ ಎಲ್ಲರೂ ಪಾಲಿಸಬೇಕೆಂದು ತಾಕೀತು. ಎರಡೂವರೆ ಲಕ್ಷದವರೆಗಿನ ಬಳಕೆ ಸಾಲಕ್ಕೆ, ಅಂದರೆ ಮನೆಖರ್ಚಿನ ಸಾಲಕ್ಕೆ, ಚಿನ್ನದ ಬೆಲೆಯ ಶೇ. 85, ಐದು ಲಕ್ಷದವರೆಗೆ 80, ಅದರ ಮೇಲೆ 75. ತಲೆಬರಹದಲ್ಲಿ ಬಂದದ್ದು ಇಷ್ಟೇ. ಒಳಗಿನ ಸಾಲು ಬೇರೆ ಇದೆ. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ, ಮುಂದೆ ಹುಟ್ಟಲಿರುವ ಬಡ್ಡಿಯೂ ಆ 85ರೊಳಗೇ ಕೂರಬೇಕು. ಒಂದು ಲಕ್ಷದ ಚಿನ್ನ, ಶೇ. 9 ಬಡ್ಡಿ ಎಂದಿಟ್ಟುಕೊಳ್ಳಿ. 85,000ವನ್ನು 1.09ರಿಂದ ಭಾಗಿಸಿದರೆ ಕೈಗೆ ಬರುವುದು 77,981. ಬಡ್ಡಿ ಶೇ. 18 ಇರುವ ಕಡೆ ಹೋದರೆ 72,033. ಸಾಲ ಇನ್ನೂ ಕಿಸೆಗೆ ಬಿದ್ದಿಲ್ಲ, ಬಡ್ಡಿ ಆಗಲೇ ಬಂದು ಚಾವಡಿಯಲ್ಲಿ ಕೂತು ಎಲೆಯಡಿಕೆ ಕೇಳುತ್ತಿದೆ.

ಚಿನ್ನದ ಬೆಲೆ ಕಟ್ಟುವ ಕ್ರಮವಂತೂ ಇನ್ನೂ ಚಂದ. ಹಿಂದಿನ ಮೂವತ್ತು ದಿನದ ಸರಾಸರಿ ದರ, ಇಲ್ಲವೇ ನಿನ್ನೆಯ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಏರುವಾಗ ಸರಾಸರಿ, ಇಳಿಯುವಾಗ ನಿನ್ನೆಯದ್ದು. ಅಡಿಕೆ ಮಂಡಿಯವರಿಗೂ ಹೊಳೆಯದ ಉಪಾಯ ಮಾರಾಯ್ರೆ.

ಇನ್ನು ತೂಕ. ಸಾಲಗಾರರ ಕಣ್ಣೆದುರೇ ಪರೀಕ್ಷೆ ಮಾಡಬೇಕು, ಒಟ್ಟು ತೂಕ, ನಿವ್ವಳ ತೂಕ, ಕಲ್ಲಿಗೆಷ್ಟು, ಅರಗಿಗೆಷ್ಟು, ದಾರಕ್ಕೆಷ್ಟು ಕಳೆದದ್ದು ಎಂದು ಬರೆದು ಕೊಡಬೇಕು, ಒಡವೆಯ ಚಿತ್ರವೂ ಇರಬೇಕು. ಇದು ಒಳ್ಳೆಯ ನಿಯಮ, ಕುಹಕವಿಲ್ಲದೆ ಹೇಳುತ್ತೇನೆ. ಕರಿಮಣಿ ಸರ ಇಡುವವರು ಈ ಚೀಟಿ ಕೇಳಿ ತೆಗೆದುಕೊಳ್ಳಬೇಕು. ಮೋಸವಾಗುವುದು ಅಲ್ಲೇ. ಮಣಿಯ ತೂಕ, ಪೋಣಿಸಿದ ದಾರ, ಗುಂಡಿನ ಹೊಟ್ಟೆಯಲ್ಲಿ ತುಂಬಿದ ಅರಗು, ಎಲ್ಲವನ್ನೂ ಅಂದಾಜಿನಲ್ಲಿ ಕಳೆಯುತ್ತಾರೆ. ಅಂದಾಜು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಒಡವೆ ಇಡುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿ. ಮಾಡಿಸಿದ ಅಂಗಡಿಯ ಬಿಲ್ಲು ಇದ್ದರೆ ಒಯ್ಯಿರಿ, ಅದರಲ್ಲಿ ನಿವ್ವಳ ತೂಕ ಬರೆದಿರುತ್ತದೆ. ಬಿಡಿಸಿಕೊಳ್ಳುವಾಗ ಅದೇ ಚೀಟಿ ಹಿಡಿದು ಮತ್ತೆ ತೂಗಿಸಿ. ಪೂರ್ತಿ ಕಟ್ಟಿದ ದಿನವೇ, ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ಕೈಗೆ ಬರಬೇಕು. ತಪ್ಪು ಅವರದ್ದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಈ ಸಾಲನ್ನು ಬ್ಯಾಂಕಿನವರು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚುತ್ತಾರೆಂದು ಕಾಯುವುದು ಬೇಡ.

ಈ ಬಂಗಾರ ಬ್ಯಾಂಕಿಗೆ ಹೋಗುವುದು ಯಾವಾಗ? ಮುಂಬೈಯಲ್ಲಿ ಕೂತು ಬಳಕೆ ಸಾಲ, ಆದಾಯದ ಸಾಲ ಎಂದು ಗೆರೆ ಎಳೆದವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಅದು ಮೈಲುತುತ್ತಿನ ಜೊತೆ ಹೋಗುತ್ತದೆ. ಮೇ ಕೊನೆ, ಮಳೆ ತಲೆಯ ಮೇಲೆ. ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಮಳೆಗೆ ಮೊದಲು ಬೀಳಬೇಕು, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರ ಹತ್ತುವವನ ಮಜೂರಿ ಬೇರೆ. ಅದೇ ವಾರ ಮಕ್ಕಳ ಫೀಸು, ಪುಸ್ತಕ, ಕೊಡೆ. ಒಂದೇ ಬಳೆಯಿಂದ ಬಂದ ದುಡ್ಡಿನಲ್ಲಿ ಅರ್ಧ ತೋಟಕ್ಕೆ, ಅರ್ಧ ಶಾಲೆಗೆ. ಹಾಗಾದರೆ ಬಳೆ ಬಳಕೆಯದ್ದೋ ಆದಾಯದ್ದೋ? ಈ ಪ್ರಶ್ನೆ ಬಳೆಗೇ ಕೇಳಬೇಕು.

ಈ ಮದ್ದಿಗೆ, ಅಂದರೆ ಬೋರ್ಡೋ ದ್ರಾವಣಕ್ಕೆ, ಒಂದು ಪರೀಕ್ಷೆ ಉಂಟು. ಉಜ್ಜಿ ಹೊಳೆಯುವ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಅಡಿಕೆಯ ಹೂಗೊಂಚಲು, ಆ ಸಿಂಗಾರವೇ ಸುಟ್ಟುಹೋಗುತ್ತದೆ. ಅದಕ್ಕೆ ತೋಟದವರು ಮರದ ಮೇಲೆ ಬೀಳುವ ಮೊದಲು ಚೂರಿಯ ಮೇಲೆ ನೋಡುತ್ತಾರೆ. ಸುತ್ತೋಲೆಯನ್ನು ಅದ್ದಿ ನೋಡುವ ಚೂರಿ ಇನ್ನೂ ತಯಾರಾಗಿಲ್ಲ. ನೇರ ಸಿಂಗಾರದ ಮೇಲೆ.

ವರ್ಷ ತುಂಬಿತು. ಮೊದಲಾದರೆ ಬಡ್ಡಿ ಕಟ್ಟಿ, ಕಾಗದ ಬದಲಿಸಿ, ಬಂಗಾರ ಇದ್ದಲ್ಲೇ ಇರುತ್ತಿತ್ತು. ಈಗಲೂ ನಿಯಮದ ಪ್ರಕಾರ ಬಡ್ಡಿ ಪೂರ್ತಿ ಕಟ್ಟಿದರೆ, ಸಾಲ ಕೆಟ್ಟಿಲ್ಲದಿದ್ದರೆ, ಬೆಲೆಯ ಮಿತಿಯೊಳಗಿದ್ದರೆ ನವೀಕರಿಸಬಹುದು. ಆದರೆ "ಬಹುದು" ಎಂಬ ಪದ ಕೌಂಟರಿಗೆ ಬರುವಾಗ ಸವೆದಿರುತ್ತದೆ. ಎಷ್ಟೋ ಕಡೆ ಸಿಗುವ ಉತ್ತರ: ಪೂರ್ತಿ ಕಟ್ಟಿ, ಬಿಡಿಸಿ, ನಾಳೆ ಬಂದು ಹೊಸದಾಗಿ ಇಡಿ. ಒಂದು ಲಕ್ಷದ ಸಾಲಕ್ಕೆ ಒಂದು ಲಕ್ಷ ಒಂಬತ್ತು ಸಾವಿರ, ಒಂದು ರಾತ್ರಿಯ ಮಟ್ಟಿಗೆ ಎಲ್ಲಿಂದಲಾದರೂ ತರಬೇಕು. ಒಂದು ರಾತ್ರಿಗೆ ಕೊಡುವವರು ಇದ್ದಾರೆ. ಲಕ್ಷಕ್ಕೆ ದಿನಕ್ಕೆ ಐನೂರು ಎಂದು ಹಿಡಿದರೂ ವರ್ಷದ ಲೆಕ್ಕದಲ್ಲಿ ಅದು ಶೇ. 182. ಸಾಲಗಾರರನ್ನು ಸಾಲದಿಂದ ರಕ್ಷಿಸುವ ನಿಯಮವು ಅವರನ್ನು ಸೀದಾ ಅಲ್ಲಿಗೆ ಕಳಿಸುತ್ತದೆ.

ಹಳೆ ಸಾಲ ತೀರಿಸಲು ಹೊಸ ಸಾಲ ಎಂದು ಹೀಗೆ ತಿರುಗಿಸಿ ಇಡುವುದಕ್ಕೆ ಬ್ಯಾಂಕಿನ ಭಾಷೆಯಲ್ಲಿ ಎವರ್‌ಗ್ರೀನಿಂಗ್ ಎಂದು ಹೆಸರು. ನಿತ್ಯಹರಿದ್ವರ್ಣ. ಕೇಳಲು ಏನು ಸೊಗಸು! ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಯ್ದ ಜಿಲ್ಲೆಗೆ ಹಸಿರು ಅಪಾಯಕಾರಿ ಎಂದು ಪಾಠ ಬಂದಿದೆ.

ನಿಜವಾದ ನಿತ್ಯಹರಿದ್ವರ್ಣ ಕಾಡು ಎಲ್ಲಿತ್ತೆಂದು ರಿಸರ್ವ್ ಬ್ಯಾಂಕಿಗೆ ಗೊತ್ತಾದದ್ದು 2015ರಲ್ಲಿ, ದೊಡ್ಡ ಬ್ಯಾಂಕುಗಳ ಕಡತ ಬಿಚ್ಚಿ ನೋಡಿದಾಗ. ಉಕ್ಕು, ವಿದ್ಯುತ್ತು, ರಸ್ತೆ ಕಂಪನಿಗಳ ಹಳೆ ಸಾಲದ ಬುಡಕ್ಕೆ ಹೊಸ ಸಾಲದ ನೀರು ಹೊಯ್ದು ಹಸಿರಾಗಿ ಇಟ್ಟಿದ್ದರು. 2018ರ ಮಾರ್ಚಿಗೆ ಕೆಟ್ಟ ಸಾಲದ ಪಾಲು ಶೇ. 11 ದಾಟಿತ್ತು. ಅಲ್ಲಿ ಅದಕ್ಕೆ ಎವರ್‌ಗ್ರೀನಿಂಗ್ ಎಂಬ ಕೆಟ್ಟ ಹೆಸರಿರಲಿಲ್ಲ. ಸಿಡಿಆರ್, ಎಸ್‌ಡಿಆರ್, ಎಸ್‌4ಎ, 5/25 ಎಂದು ಸಾಲ ಮರುಹೊಂದಿಸುವ ಯೋಜನೆಗಳಿಗೆ ಲಾರಿಯ ನಂಬರಿನಂಥ ಹೆಸರುಗಳಿದ್ದವು. 2018ರ ಫೆಬ್ರವರಿ 12ರಂದು ಅವನ್ನೆಲ್ಲ ರದ್ದು ಮಾಡಿ ಕಟ್ಟುನಿಟ್ಟಿನ ಸುತ್ತೋಲೆ ಹೊರಟಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 2019ರ ಏಪ್ರಿಲ್ 2ಕ್ಕೆ ಆ ಸುತ್ತೋಲೆಯೇ ಬಿದ್ದುಹೋಯಿತು. ಬಳೆಯ ಸುತ್ತೋಲೆಯ ಮೇಲೆ ಸುಪ್ರೀಂ ಕೋರ್ಟಿಗೆ ಹೋಗಲು ನೀರ್ಚಾಲಿನಿಂದ ದಿಲ್ಲಿಗೆ ಬಸ್ಸಿಲ್ಲ.

ಹತ್ತು ಆರ್ಥಿಕ ವರ್ಷಗಳಲ್ಲಿ, 2014-15ರಿಂದ 2023-24ರವರೆಗೆ, ಬ್ಯಾಂಕುಗಳು ಪುಸ್ತಕದಿಂದ ತೆಗೆದುಹಾಕಿದ ಸಾಲ 16.35 ಲಕ್ಷ ಕೋಟಿ ರೂಪಾಯಿ. ಲೋಕಸಭೆಗೆ ಕೊಟ್ಟ ಲೆಕ್ಕ. ಇದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂದು ಪ್ರತಿ ಸಲವೂ ಸ್ಪಷ್ಟೀಕರಣ ಬರುತ್ತದೆ, ಒಪ್ಪೋಣ. 2023ರ ಜೂನ್ 8ರ ಸುತ್ತೋಲೆಯನ್ನೂ ಒಪ್ಪೋಣವೇ? ಬೇಕೆಂದೇ ಸಾಲ ಕಟ್ಟದವರು, ವಂಚಕರೆಂದು ಬ್ಯಾಂಕೇ ಬರೆದಿಟ್ಟವರು, ಅವರ ಜೊತೆಗೂ ಬ್ಯಾಂಕುಗಳು ರಾಜಿ ಮಾಡಿಕೊಳ್ಳಬಹುದು ಎಂದು ಅದರಲ್ಲಿದೆ. ರಾಜಿಯಾದ ಮಾಮೂಲಿ ಸಾಲಗಾರರಿಗೆ ಹೊಸ ಸಾಲ ಕೊಡುವ ಮೊದಲು ಕನಿಷ್ಠ ಹನ್ನೆರಡು ತಿಂಗಳ ಕೂಲಿಂಗ್ ಪೀರಿಯಡ್, ಅಂದರೆ ತಣಿಯುವ ಅವಧಿ.

ಇದರಲ್ಲಿ ನಗಲಿಕ್ಕೆ ನನಗೇನೂ ಸಿಗುತ್ತಿಲ್ಲ. ಕೈಯಲ್ಲಿದ್ದ ಬಳೆಯನ್ನು ಬ್ಯಾಂಕಿನ ತಿಜೋರಿಗೆ ಕೊಟ್ಟು, ಅದರ ಬೆಲೆಗಿಂತ ಕಡಿಮೆ ಹಣ ಪಡೆದು, ಬಡ್ಡಿ ತಪ್ಪದೆ ಕಟ್ಟುವ ಹೆಂಗಸನ್ನು ಅನುಮಾನಿಸಿ ನಿಯಮ ಬರೆಯುತ್ತಾರೆ. ಅವಳಿಂದ ಯಾವ ಬ್ಯಾಂಕೂ ಮುಳುಗಿಲ್ಲ. ಮುಳುಗಿಸಿದವರೊಡನೆ ಚಹಾ ಕುಡಿದು ರಾಜಿ.

ಇರಲಿ. ಬಾಸೆಲ್ ವಿಷಯಕ್ಕೆ ಬರೋಣ. ಬಂಗಾರದ ನಿಯಮ ಬರೆದದ್ದು ಮುಂಬೈಯಲ್ಲೇ. ಆದರೆ 2008ರ ನಂತರ ಬ್ಯಾಂಕ್ ಅಧಿಕಾರಿಗಳ ಮೈಮೇಲೆ ಬರುವ ದೈವದ ಮೂಲಸ್ಥಾನ ಸ್ವಿಟ್ಜರ್ಲೆಂಡಿನ ಬಾಸೆಲ್. ಬ್ಯಾಂಕುಗಳ ಮೇಲ್ವಿಚಾರಣೆಗೆ ನಿಯಮ ಬರೆಯುವ ಅಲ್ಲಿನ ಸಮಿತಿ ಹುಟ್ಟಿದ್ದು 1974ರಲ್ಲಿ, ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕು ಬಿದ್ದ ಮೇಲೆ. ನೂರು ರೂಪಾಯಿ ಅಪಾಯಕ್ಕೆ ಸ್ವಂತ ಬಂಡವಾಳ ಕನಿಷ್ಠ ನಾಲ್ಕೂವರೆ ಇರಬೇಕೆಂದು ಬಾಸೆಲ್ ಹೇಳಿದರೆ ನಮ್ಮ ರಿಸರ್ವ್ ಬ್ಯಾಂಕು ಐದೂವರೆ ಎನ್ನುತ್ತದೆ, ಮೇಲೆ ಎರಡೂವರೆ ಮೀಸಲು. ಅದೇನೂ ಕೆಟ್ಟದ್ದಲ್ಲ. ನನಗೆ ನೆನಪಾಗುವುದು ಮಾತ್ರ ಬೇರೆ ಬಾಸೆಲ್. ಕರಾವಳಿಯವರಿಗೆ ಆ ಊರು ಬ್ಯಾಂಕಿನಿಂದ ಪರಿಚಯವಾದದ್ದಲ್ಲವಷ್ಟೆ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ, 1865ರಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲ್ ನಿಘಂಟು. ಧರ್ಮದ ವ್ಯಾಪಾರಕ್ಕೇ ಬಂದಿರಲಿ, ನಮ್ಮವರೊಡನೆ ಮಾತಾಡಬೇಕಾದರೆ ಕನ್ನಡ ಕಲಿಯಬೇಕು ಎಂಬಷ್ಟು ತಿಳಿವಳಿಕೆ ಅವರಿಗಿತ್ತು. ಹಳೆ ಬಾಸೆಲ್ ಕೊಟ್ಟ ಹಂಚು ಇನ್ನೂ ಎಷ್ಟೋ ಮಾಡಿನ ಮೇಲಿದೆ. ಹೊಸ ಬಾಸೆಲ್ ಕೊಟ್ಟದ್ದು ಮಾಡಿನ ಕೆಳಗೆ ಬಂದಾಗ ಇಂಗ್ಲಿಷಿನಲ್ಲಿರುತ್ತದೆ.

ಬ್ಯಾಂಕಿನ ದೊಡ್ಡವರ ಸಂಬಳದ ಮಾತು ಬಿಟ್ಟೇ ಹೋಯಿತು. 2008ರಲ್ಲಿ ಅಮೆರಿಕದ ಎಐಜಿ ವಿಮಾ ಕಂಪನಿಯನ್ನು ಉಳಿಸಲು ಸರಕಾರದ ಕಡೆಯಿಂದ ಮೊದಲ ಕಂತಿಗೇ 85 ಶತಕೋಟಿ ಡಾಲರು ಹೋಯಿತು. 2009ರ ಮಾರ್ಚಿನಲ್ಲಿ ಅದನ್ನು ಮುಳುಗಿಸಿದ ವಿಭಾಗದವರಿಗೇ 16.5 ಕೋಟಿ ಡಾಲರು ಬೋನಸ್. ಜನ ಬೈದರು. ಮರುವರ್ಷ ಅಲ್ಲಿ ಕಾನೂನು ಬಂತು: ಅಪಾಯಕ್ಕೆ ದೂಡುವ ಬೋನಸ್ಸಿಗೆ ಕಡಿವಾಣ ಹಾಕುವ ನಿಯಮವನ್ನು ಒಂಬತ್ತು ತಿಂಗಳೊಳಗೆ ಮಾಡಬೇಕು. 2010ರಲ್ಲಿ ನಿಂತ ಬಸಿರು, ಹದಿನೈದು ವರ್ಷ ಕಳೆದರೂ ಹೆರಿಗೆಯಾಗಿಲ್ಲ. ನಡುವೆ 2023ರ ಮಾರ್ಚ್ 10ಕ್ಕೆ ಸಿಲಿಕಾನ್ ವ್ಯಾಲಿ ಬ್ಯಾಂಕು ಮುಳುಗಿತು. ಬಾಗಿಲು ಹಾಕುವ ಕೆಲವೇ ಗಂಟೆ ಮೊದಲು ನೌಕರರ ಬೋನಸ್ ಖಾತೆಗೆ ಬಿತ್ತೆಂದು ಪತ್ರಿಕೆಗಳಲ್ಲಿ ಬಂತು. ಚೌಕಿಗೆ ಬೆಂಕಿ ಬಿದ್ದರೂ ವೀಳ್ಯ ತೆಗೆದುಕೊಂಡೇ ಹೊರಟ ಮೇಳ.

ಯುರೋಪಿನದ್ದು ಪಕ್ಕಾ ಯಕ್ಷಗಾನ. 2014ರಿಂದ ಬೋನಸ್ ಸಂಬಳವನ್ನು ಮೀರಬಾರದು, ಷೇರುದಾರರು ಒಪ್ಪಿದರೆ ದುಪ್ಪಟ್ಟು ಎಂದು ಕಾನೂನಾಯಿತು. ಲಂಡನ್ನಿನ ಬ್ಯಾಂಕುಗಳು ಕೂಡಲೇ ಒಂದು ಹೊಸ ಭತ್ಯೆ ಹುಟ್ಟಿಸಿದವು. ವಹಿಸಿದ ಪಾತ್ರಕ್ಕೆ ಕೊಡುವ ಭತ್ಯೆಯಂತೆ! ಬೋನಸ್ಸೂ ಅಲ್ಲ, ಸಂಬಳವೂ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ವೇಷಭತ್ಯೆ. ಕಿರೀಟ ಕಟ್ಟಿದ್ದಕ್ಕೆ ಒಂದು ರೇಟು, ಬಣ್ಣ ತೊಳೆದದ್ದಕ್ಕೆ ಇನ್ನೊಂದು. ಕೊನೆಗೆ 2023ರ ಅಕ್ಟೋಬರ್ 31ಕ್ಕೆ ಬ್ರಿಟನ್ ಆ ಮಿತಿಯನ್ನೇ ತೆಗೆದುಹಾಕಿತು, ವೇಷ ಕಟ್ಟುವ ಶ್ರಮವೂ ತಪ್ಪಿತು.

ನಮ್ಮಲ್ಲಿ 2019ರ ನವೆಂಬರಿನ ನಿಯಮ. ಖಾಸಗಿ ಬ್ಯಾಂಕಿನ ಮುಖ್ಯಸ್ಥರ ಏರಿಳಿತದ ಸಂಬಳ ಸ್ಥಿರ ಸಂಬಳದ ಮೂರು ಪಟ್ಟು ಮೀರಬಾರದು. ಅದರಲ್ಲಿ ಶೇ. 60 ಕನಿಷ್ಠ ಮೂರು ವರ್ಷಕ್ಕೆ ಹಂಚಿ ತಡವಾಗಿ ಕೊಡಬೇಕು. ಬ್ಯಾಂಕು ಕೆಟ್ಟರೆ ಕೊಟ್ಟದ್ದನ್ನು ಕಕ್ಕಿಸಬಹುದು. ಮೂರು ಪಟ್ಟಿಗೆ ಮಿತಿ ಎಂದು ಹೆಸರಿಟ್ಟವರ ಉದಾರತೆ ದೊಡ್ಡದು. ಅದೇ ಕೈ ನಮ್ಮ ಗುಂಡಿನ ಅರಗು ತೂಗಿದೆ.

ಬ್ಯಾಂಕಿನ ಸಹವಾಸ ಬೇಡ, ಊರಿನ ಸೊಸೈಟಿಯೇ ಸಾಕು ಎನ್ನುವವರಿದ್ದಾರೆ. ಬೋರ್ಡಿನ ಮೇಲೆ ಬ್ಯಾಂಕು ಎಂದಿರುವ ಕೃಷಿ ಸಹಕಾರ ಸಂಘಗಳು ಆ ಪದ ಬಳಸುವಂತಿಲ್ಲ, ಅಲ್ಲಿನ ಠೇವಣಿಗೆ ಐದು ಲಕ್ಷದ ಕೇಂದ್ರ ವಿಮೆ ಇಲ್ಲ ಎಂದು ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲೇ ಎಚ್ಚರಿಸಿದೆ. 2024ರ ಮೇಯಲ್ಲಿ ಕಾರಡ್ಕದ ಸಂಘವೊಂದರಲ್ಲಿ 4.76 ಕೋಟಿಯ ಬಂಗಾರದ ಸಾಲದ ವಂಚನೆಯ ದೂರು ದಾಖಲಾದದ್ದು ಎಲ್ಲರಿಗೂ ಗೊತ್ತು. ಅಲ್ಲಿ ಎವರ್‌ಗ್ರೀನಿಂಗಿನ ಪ್ರಶ್ನೆ ಬರಲಿಲ್ಲ.

ಕೊನೆಗೊಂದು ಸಾಲು, ನಿರ್ದೇಶನದಲ್ಲಿ ನನಗೆ ಅತಿ ಇಷ್ಟವಾದದ್ದು. ಸಾಲದ ಷರತ್ತು, ಪತ್ರವ್ಯವಹಾರ ಎಲ್ಲ ಪ್ರದೇಶದ ಭಾಷೆಯಲ್ಲಿ, ಅಥವಾ ಸಾಲಗಾರರು ಆರಿಸಿದ ಭಾಷೆಯಲ್ಲಿ ಇರಬೇಕು. ಅಥವಾ! ಆ ಒಂದು ಪದದ ಮೇಲೆ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ತನಕ ಮನೆ ಕಟ್ಟಬಹುದು. ಹಾಗಾಗಿ ಅರ್ಜಿಯ ಮೇಲೆಯೇ "ನನ್ನ ಭಾಷೆ ಕನ್ನಡ" ಎಂದು ಬರೆದು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮ್ಯಾನೇಜರು ಒಮ್ಮೆ ಕಾಗದ ನೋಡಿ, ಒಮ್ಮೆ ನಿಮ್ಮನ್ನು ನೋಡಿ, ಫಾರ್ಮು ಮೇಲಿನಿಂದ ಬರಬೇಕು ಎನ್ನಬಹುದು. ಬರಲಿ, ಕಾಯೋಣ. ನಡುವೆ ಕಂತು ತಪ್ಪಿದರೆ ಹರಾಜು. ಹರಾಜಿಗೆ ಮೊದಲು ಎರಡು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಒಂದು ಪ್ರಾದೇಶಿಕ ಭಾಷೆಯದ್ದು, ಒಂದು ರಾಷ್ಟ್ರೀಯ ದೈನಿಕ. ಇಲ್ಲಿ "ಅಥವಾ" ಇಲ್ಲ. ಮಲಯಾಳವೂ ಇಂಗ್ಲಿಷೂ ಓದಲು ಬಾರದ ಅಜ್ಜಿಗೆ ತನ್ನ ಕರಿಮಣಿ ಹರಾಜಾಗುವ ಸುದ್ದಿಯನ್ನು ಪಕ್ಕದ ಮನೆಯವರು ಓದಿ ಹೇಳುತ್ತಾರೆ, ನಿವ್ವಳ ತೂಕ ಸಮೇತ.