ನಕ್ಷೆಯ ಮೇಲಿನ ಬಾಣಕ್ಕೆ ಬಾಲವೂ ಇರುತ್ತದೆ

ಎಲ್ಲಿ ಯುದ್ಧ ಶುರುವಾದರೂ ಮರುದಿನವೇ ಟಿವಿಯಲ್ಲೂ ಜಾಲತಾಣಗಳಲ್ಲೂ ಎರಡು ಚಿತ್ರ ಹರಿದಾಡುತ್ತವೆ. ಒಂದು, ಯಾರ ಬಳಿ ಎಷ್ಟು ಟ್ಯಾಂಕ್ ಎಂಬ ಪಟ್ಟಿ. ಇನ್ನೊಂದು, ಸೇನೆ ನುಗ್ಗುವ ದಾರಿ ತೋರಿಸಲು ನಕ್ಷೆಯ ಮೇಲೆ ಎಳೆದ ದಪ್ಪ ಕೆಂಪು ಬಾಣ. ಪಟ್ಟಿಯಿಂದ ಅಂಥ ಅಪಾಯವಿಲ್ಲ. ಬಾಣ ಮಾತ್ರ ಜನರ ದಾರಿ ತಪ್ಪಿಸುತ್ತದೆ. ಸೇನಾ ಡಾಕ್ಟ್ರಿನ್, ಅಂದರೆ ಸೇನೆ ಹೇಗೆ ಹೋರಾಡಬೇಕೆಂದು ಕಲಿಸುವ ಪಾಠ, ಜಾಣ ಸೇನಾನಿಯ ಗುಟ್ಟಿನ ತಂತ್ರ ಅಂದುಕೊಂಡವರೇ ಹೆಚ್ಚು. ನಿಜದಲ್ಲಿ ಅದರ ಬಹುಪಾಲು ಆ ಬಾಣದೊಳಗಿನ ಲೆಕ್ಕಾಚಾರ.

ಸಾವಿರ ವಾಹನಗಳು ಒಂದೇ ರಸ್ತೆಯಲ್ಲಿ ಹೊರಟಿವೆ ಅನ್ನಿ. ವಾಹನಕ್ಕೊಂದು 50 ಮೀಟರ್ ಹಿಡಿದರೂ ಸಾಲಿನ ಉದ್ದ 50 ಕಿ.ಮೀ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಂದು ಸೇತುವೆ ದಾಟಲು ಎರಡೂವರೆ ಗಂಟೆ. ವಿಮಾನ ದಾಳಿಯ ಭಯಕ್ಕೆ ಅಂತರವನ್ನು 100 ಮೀಟರಿಗೆ ಏರಿಸಿದರೆ ಐದು ಗಂಟೆ. ಮುಂದಿನವನ ಮೇಲೆ ಗುಂಡು ಬೀಳುವಾಗ ಕೊನೆಯವನು ಇನ್ನೂ ಹೊರಟೇ ಇರುವುದಿಲ್ಲ. ಅದಕ್ಕೇ ಯಾರ ಹಿಂದೆ ಯಾರು ಅನ್ನುವುದನ್ನು ಹೊರಡುವ ಮೊದಲೇ ತೀರ್ಮಾನಿಸಬೇಕು. ಸೇತುವೆ ಹಾಕುವ ಎಂಜಿನಿಯರ್ ಗಾಡಿ ಬಾಲದಲ್ಲಿದ್ದರೆ, ಕಿರಿದಾದ ರಸ್ತೆಯಲ್ಲಿ ಅದನ್ನು ಮುಂದಕ್ಕೆ ತರುವುದು ಹೇಗೆ? 2022ರಲ್ಲಿ ಉಕ್ರೇನಿನ ರಾಜಧಾನಿ ಕೀವ್‌ನ ಉತ್ತರಕ್ಕೆ ಸುಮಾರು 64 ಕಿ.ಮೀ. ಉದ್ದಕ್ಕೆ ಸಿಕ್ಕಿಬಿದ್ದ ರಷ್ಯಾದ ಸಾಲನ್ನು ಜಗತ್ತೇ ಉಪಗ್ರಹ ಚಿತ್ರದಲ್ಲಿ ನೋಡಿತು.

ಇಂಧನದ ಮಾತು ಚುಟುಕಾಗಿ: ಅಮೆರಿಕದ ಒಂದು ಅಬ್ರಾಮ್ಸ್ ಟ್ಯಾಂಕಿಗೆ ಸುಮಾರು 1,900 ಲೀಟರ್ ಹಿಡಿಯುತ್ತದೆ. 14 ಟ್ಯಾಂಕುಗಳ ಒಂದು ತುಕಡಿಗೆ, ಅಂದರೆ ಕಂಪನಿಗೆ, ಒಂದು ಸಲ ತುಂಬಿಸಲು 26,600 ಲೀಟರ್. ನಿಂತಲ್ಲೇ ಎಂಜಿನ್ ಓಡುತ್ತಿದ್ದರೂ ಕುಡಿಯುತ್ತಲೇ ಇರುತ್ತದೆ.

ಇಂಧನಕ್ಕಿಂತ ಬೇಗ ಖಾಲಿಯಾಗುವುದು ಸಮಯ. ಮೇಲಿನವನು ಸಿಕ್ಕ ಹೊತ್ತಿನ ಮೂರನೇ ಒಂದು ಪಾಲು ಮಾತ್ರ ತಾನು ಬಳಸಿ, ಉಳಿದದ್ದನ್ನು ಕೆಳಗಿನವನಿಗೆ ಬಿಡಬೇಕೆಂಬ ಹಳೆಯ ಪಾಠವಿದೆ. ದಾಳಿಗೆ 12 ಗಂಟೆ ಇದೆ, ಆದೇಶ ದೊಡ್ಡ ತುಕಡಿಯಾದ ಬ್ರಿಗೇಡಿನಿಂದ ಹಂತ ಹಂತವಾಗಿ ಅತಿ ಚಿಕ್ಕದಾದ ಸೆಕ್ಷನ್ನಿಗೆ ಇಳಿಯಬೇಕು ಅನ್ನಿ. ಬ್ರಿಗೇಡ್ 4 ಗಂಟೆ ತಿಂದರೆ ಬೆಟಾಲಿಯನ್ನಿಗೆ 8 ಗಂಟೆ, ಕಂಪನಿಗೆ 5 ಗಂಟೆ 20 ನಿಮಿಷ, ಪ್ಲಟೂನಿಗೆ ಸುಮಾರು ಮೂರೂವರೆ ಗಂಟೆ, ಕೊನೆಗೆ ಸೆಕ್ಷನ್ನಿಗೆ 2 ಗಂಟೆ 20 ನಿಮಿಷ. ಪ್ರತಿಯೊಬ್ಬನೂ ಅರ್ಧರ್ಧ ತಿಂದರೆ ಆ ಸೆಕ್ಷನ್ನಿಗೆ ಉಳಿಯುವುದು 45 ನಿಮಿಷ. ಜಾಗ ನೋಡಿಬರಲು, ಮದ್ದುಗುಂಡು ಹಂಚಲು, ಒಮ್ಮೆ ತಾಲೀಮು ಮಾಡಲು ಇಷ್ಟೇ! ಸೊಗಸಾದ ನಲವತ್ತು ಪುಟದ ಆದೇಶ ಬರೆದ ಕಚೇರಿಗೆ ತಾನೇ ದಾಳಿಯನ್ನು ಕೆಡಿಸಿದೆ ಅನ್ನುವುದು ಗೊತ್ತೂ ಆಗುವುದಿಲ್ಲ.

ಬಾಣದ ಮೊನೆ ನೆಲಬಾಂಬಿನ ಹೊಲಕ್ಕೆ ತಾಗಿದಾಗ ಏನಾಗುತ್ತದೆ? ಇಲ್ಲಿ ಡಾಕ್ಟ್ರಿನ್ ಐದು ಕೆಲಸ ಹೇಳುತ್ತದೆ: ಆಚೆಯ ಬಂದೂಕುಗಳನ್ನು ಗುಂಡಿನ ಮಳೆಯಿಂದ ಅದುಮಿಡು, ಹೊಗೆಯಿಂದ ಅವರ ಕಣ್ಣು ಮುಚ್ಚು, ದಾರಿ ಬಿಡಿಸುವ ಜಾಗವನ್ನು ಭದ್ರಪಡಿಸು, ದಾರಿ ಬಿಡಿಸು, ಆಮೇಲೆ ನುಗ್ಗು. ಕೆಡುವುದು ಹೆಚ್ಚಾಗಿ ಮೊದಲೆರಡರಲ್ಲೇ. ಗಾಳಿ ತಿರುಗಿ ಹೊಗೆ ಚದುರುತ್ತದೆ, ಫಿರಂಗಿಗಳು ಐದು ನಿಮಿಷ ಮೊದಲೇ ನಿಲ್ಲುತ್ತವೆ. ನೆಲಬಾಂಬು ಅಗೆದು ಸರಿಸುವ ನೇಗಿಲು ಕಟ್ಟಿದ ಮೊದಲ ಟ್ಯಾಂಕ್ ಆ ಇಕ್ಕಟ್ಟಿನ ದಾರಿಯಲ್ಲೇ ಕೆಟ್ಟು ನಿಲ್ಲುತ್ತದೆ. ಹಿಂದಿನದು ಪಕ್ಕಕ್ಕೆ ತಿರುಗಿ ಬಾಂಬಿನ ಮೇಲೇರುತ್ತದೆ, ಮೂರನೆಯದಕ್ಕೆ ಹಿಂದೆ ಹೋಗಲೂ ಜಾಗವಿಲ್ಲ. 2023ರ ಜೂನ್‌ನಲ್ಲಿ ಮಾಲಾ ತೊಕ್ಮಾಚ್ಕಾ ಎಂಬ ಹಳ್ಳಿಯ ಬಳಿ ಉಕ್ರೇನಿನ ಲೆಪರ್ಡ್ ಟ್ಯಾಂಕುಗಳು, ಸೈನಿಕರನ್ನು ಒಯ್ಯುವ ಬ್ರಾಡ್ಲಿ ವಾಹನಗಳು ಒಂದರ ಪಕ್ಕ ಒಂದು ಗುಂಪುಗೂಡಿ ನಿಂತಿದ್ದು ಹೀಗೆ. ಟ್ಯಾಂಕ್ ಕಳಪೆ ಅಂತ ಆಗ ಎಷ್ಟೊಂದು ಪೋಸ್ಟ್ ಬಂದವು! ಅಲ್ಲಿ ಕೇಳಬೇಕಿದ್ದದ್ದು, ಆಚೆಯವರನ್ನು ಅದುಮಿಡುವ ಕೆಲಸ ಯಾರದಾಗಿತ್ತು, ದಾರಿ ಬಿಡಿಸುವ ಗಾಡಿಗಳಿಗೆ ಬದಲಿ ಎಷ್ಟಿತ್ತು ಎಂದು. ತಿರುವುಮುರುವಾಗಿಯೂ ಇದು ನಿಜ: ಕಾವಲು ಗುಂಡಿಲ್ಲದ ನೆಲಬಾಂಬಿನ ಹೊಲವನ್ನು ಶತ್ರು ನಿಧಾನವಾಗಿ, ಕೈಯಿಂದಲೇ ಬಿಡಿಸಿಕೊಂಡು ಹೋಗುತ್ತಾನೆ.

ಟ್ಯಾಂಕಿನ ಕಾಲ ಮುಗಿಯಿತು ಎಂಬ ಘೋಷಣೆ ಹೊಸದಲ್ಲ. 1973ರ ಅಕ್ಟೋಬರ್ 8ರಂದು ಸಿನಾಯ್‌ನಲ್ಲಿ ಇಸ್ರೇಲಿನ ಟ್ಯಾಂಕುಗಳು ಸಾಕಷ್ಟು ಕಾಲಾಳು, ಫಿರಂಗಿ ಇಲ್ಲದೆ ನುಗ್ಗಿ ಈಜಿಪ್ಟಿನ ಸ್ಯಾಗರ್ ಎಂಬ ಟ್ಯಾಂಕ್ ನಾಶಕ ಕ್ಷಿಪಣಿಗಳಿಗೆ, ರಾಕೆಟ್ ಲಾಂಚರುಗಳಿಗೆ ಸಿಕ್ಕಿದವು. 1994ರ ಕೊನೆಯ ದಿನ ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯ ಬೀದಿಗಳಲ್ಲಿ ರಷ್ಯಾದ ಟ್ಯಾಂಕುಗಳಿಗೂ ಅದೇ ಗತಿ. ಕ್ಷಿಪಣಿ ಹಿಡಿದವನ ತಲೆ ತಗ್ಗಿಸುವುದು ಫಿರಂಗಿ, ಅವನನ್ನು ಬಿಲದಿಂದ ಹೊರಹಾಕುವುದು ಕಾಲಾಳು. ಇವರಿಲ್ಲದ ಟ್ಯಾಂಕ್ ಅರ್ಧ ಕುರುಡ.

ದಾಳಿಕೋರ ಕಾಯುವವನ ಮೂರು ಪಟ್ಟು ಇರಬೇಕು ಅನ್ನುವ ಮಾತನ್ನೂ ಇಡೀ ಸೈನ್ಯದ ಲೆಕ್ಕಕ್ಕೆ ಹಚ್ಚಬೇಡಿ. ಅದು ಭೇದಿಸುವ ಜಾಗದ ಅಂದಾಜು. ಒಟ್ಟು ಬಲ ಸಮವಿದ್ದರೂ, ಉಳಿದ ಕಡೆ ತೆಳುವಾಗಿ ನಿಂತು ಒಂದು ಕಡೆ ಮೂರು ಪಟ್ಟು ಕೂಡಿಸಬಹುದು. ಆ ತೆಳು ಜಾಗಕ್ಕೇ ಶತ್ರು ನುಗ್ಗಿದರೆ? ಅದಕ್ಕೇ ಹಿಂದೆ ಕಾದಿಟ್ಟ ಮೀಸಲು ಪಡೆ. 1940ರ ಮೇ 16ರಂದು ಚರ್ಚಿಲ್ ಪ್ಯಾರಿಸಿನಲ್ಲಿ ಮೀಸಲು ಎಲ್ಲಿದೆ ಎಂದು ಕೇಳಿದಾಗ ಫ್ರೆಂಚ್ ಸೇನೆಯ ಮುಖ್ಯಸ್ಥ ಜನರಲ್ ಗಾಮೆಲಾ ಕೊಟ್ಟ ಉತ್ತರ: ಒಂದೂ ಇಲ್ಲ. ಫ್ರಾನ್ಸಿನಲ್ಲಿ ಆಗ ಟ್ಯಾಂಕುಗಳಿಗೇನೂ ಕೊರತೆಯಿರಲಿಲ್ಲ.

ಸುಸ್ತಾದ ತುಕಡಿಗೆ ಮೀಸಲು ಅಂತ ಹೆಸರಿಟ್ಟರೆ ಅದು ಮೀಸಲಾಗುವುದಿಲ್ಲ. ಎಲ್ಲಿ ಕಾಯಬೇಕು, ಯಾವ ರಸ್ತೆಯಲ್ಲಿ ಬರಬೇಕು, ಏನಾದರೆ ಹೊರಡಬೇಕು, ತಲುಪಲು ಎಷ್ಟು ನಿಮಿಷ, ಎಲ್ಲವೂ ಮೊದಲೇ ಗೊತ್ತಿರಬೇಕು. ಅದನ್ನು ಕಳಿಸಿದ ಗಳಿಗೆಯಲ್ಲೇ ಸೇನಾನಿ ಹೊಸದೊಂದನ್ನು ಕಟ್ಟಲು ಹೊರಡುತ್ತಾನೆ. ಹಿಂದೆ ಸರಿದ ಒಂದು ಕಂಪನಿ, ಎಂಜಿನಿಯರುಗಳ ಒಂದು ಪ್ಲಟೂನ್, ರಿಪೇರಿಯಾಗಿ ಬಂದ ನಾಲ್ಕು ಟ್ಯಾಂಕ್, ಕೈಗೆ ಏನು ಸಿಕ್ಕಿದರೆ ಅದರಲ್ಲಿ.