ಕಾಲ ಭ್ರಮೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ

"ಕಾಲ ಬರೀ ಭ್ರಮೆ, ಐನ್‌ಸ್ಟೈನ್ ಅವರೇ ಹೇಳಿದ್ದಾರೆ" ಅನ್ನುವ ಪೋಸ್ಟುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಆ ಮಾತು ಹುಟ್ಟಿದ್ದು ಒಂದು ಸಾಂತ್ವನದ ಪತ್ರದಲ್ಲಿ. 1955ರ ಮಾರ್ಚ್‌ನಲ್ಲಿ ಅವರ ಹಳೆಯ ಗೆಳೆಯ ಮಿಕೆಲೆ ಬೆಸ್ಸೊ ತೀರಿಕೊಂಡರು. ಹಿಂದಿನದು, ಈಗಿನದು, ಮುಂದಿನದು ಅನ್ನುವ ಭೇದ ಪಟ್ಟು ಬಿಡದ ಭ್ರಮೆ ಅಷ್ಟೇ ಎಂದು ಐನ್‌ಸ್ಟೈನ್ ಗೆಳೆಯನ ಮನೆಯವರಿಗೆ ಬರೆದರು. ಮರುತಿಂಗಳು ಅವರೂ ಹೋದರು. ಗಮನಿಸಿ, ಅವರು ಭ್ರಮೆ ಎಂದದ್ದು ಆ ಭೇದವನ್ನು. ಕಾಲವೇ ಇಲ್ಲ ಅಂತ ಬರೆಯಲಿಲ್ಲ.

1905ರಲ್ಲಿ ಸಾಪೇಕ್ಷತಾ ಸಿದ್ಧಾಂತದಿಂದ ಅವರು ಒಡೆದಿದ್ದೂ ಕಾಲವನ್ನಲ್ಲ, ಇಡೀ ವಿಶ್ವಕ್ಕೆಲ್ಲ ಒಂದೇ "ಈಗ" ಇದೆ ಅನ್ನುವ ನಂಬಿಕೆಯನ್ನು. ಆಂಡ್ರೊಮಿಡಾ ಗ್ಯಾಲಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಒಬ್ಬರು ಅದರ ಕಡೆಗೆ, ಇನ್ನೊಬ್ಬರು ಅದಕ್ಕೆ ಬೆನ್ನು ಹಾಕಿ ಸುಮ್ನೆ ನಡೆಯುತ್ತಾ ಎದುರುಬದುರಾದರೂ ಸಾಕು. "ಅಲ್ಲಿ ಈಗ" ಎಂದು ಅವರಿಬ್ಬರ ಲೆಕ್ಕಕ್ಕೆ ಸಿಗುವ ಗಳಿಗೆಗಳ ನಡುವೆ ದಿನಗಟ್ಟಲೆ ಅಂತರ ಇರುತ್ತದೆ! ಇಷ್ಟು ಓದಿದ ಮೇಲೆ ಎಲ್ಲರಿಗೂ ಸೇರಿದ ಒಂದು "ಈಗ" ಇದೆ ಅಂತ ನಾನಂತೂ ನಂಬಲಾರೆ.

ಆದರೆ ಕಾಲ? 2010ರಲ್ಲಿ ಅಮೆರಿಕದಲ್ಲಿ ಎರಡು ಪರಮಾಣು ಗಡಿಯಾರಗಳನ್ನು ಇಟ್ಟು, ಒಂದನ್ನು 33 ಸೆಂಟಿಮೀಟರ್ ಮೇಲೆತ್ತಿದರು. ಮೊಣಕಾಲಿನ ಎತ್ತರವೂ ಇಲ್ಲ ಅದು. ಆದರೂ ಮೇಲಿದ್ದದ್ದು ಕೂದಲೆಳೆಯಷ್ಟು ಬೇಗ ಓಡಿತು, ಆ ವ್ಯತ್ಯಾಸ ಅಳತೆಗೂ ಸಿಕ್ಕಿತು. ಎತ್ತರಕ್ಕೆ ಒಂದು ಥರ, ವೇಗಕ್ಕೆ ಇನ್ನೊಂದು ಥರ ಬದಲಾಗುವ, ಮುಂಚೆಯೇ ಲೆಕ್ಕ ಹಾಕಿ ಹೇಳಬಹುದಾದ ಸಂಗತಿಯನ್ನು ಭ್ರಮೆ ಅನ್ನೋದು ಹೇಗೆ?

ಸಾಪೇಕ್ಷತೆ ಇನ್ನೊಂದನ್ನೂ ಉಳಿಸಿದೆ. ಕಾರಣ ಮೊದಲು, ಪರಿಣಾಮ ಆಮೇಲೆ. ಯಾರು ಎಷ್ಟೇ ವೇಗದಲ್ಲಿ ಹೋಗುತ್ತಾ ನೋಡಿದರೂ ಈ ಕ್ರಮ ತಿರುಗುಮುರುಗಾಗುವುದಿಲ್ಲ. ಕಾಲ ನಿಜವಲ್ಲ ಎಂದು 1908ರಲ್ಲಿ ವಾದಿಸಿದ ತತ್ವಜ್ಞಾನಿ ಮೆಕ್‌ಟ್ಯಾಗರ್ಟ್‌ಗೆ ಕಾಲವನ್ನು ನಿಜ ಅನ್ನಲು ಬರೀ ಮೊದಲು-ಆಮೇಲೆ ಅನ್ನುವ ಕ್ರಮ ಸಾಕಾಗಲಿಲ್ಲ. ನನಗೆ ಸಾಕು.

ನಿಜಕ್ಕೂ ಕಷ್ಟದ ಪ್ರಶ್ನೆ ಇರುವುದು ಕ್ವಾಂಟಮ್ ಗುರುತ್ವದಲ್ಲಿ, ಅಂದರೆ ಗುರುತ್ವವನ್ನೂ ಅತಿಸೂಕ್ಷ್ಮ ಕಣಗಳ ಕ್ವಾಂಟಮ್ ನಿಯಮಗಳನ್ನೂ ಒಂದುಗೂಡಿಸುವ ಯತ್ನದಲ್ಲಿ. ಆ ಯತ್ನದಲ್ಲಿ ಹುಟ್ಟಿದ 1967ರ ವೀಲರ್-ಡೆವಿಟ್ ಸಮೀಕರಣದಲ್ಲಿ ಕಾಲದ ಸುಳಿವೇ ಇಲ್ಲ. ಹಾಗಾದರೆ ಕಾಲ ತೀರಾ ತಳಮಟ್ಟದಲ್ಲಿ ಇಲ್ಲದೆ, ಮೇಲಿನ ಹಂತದಲ್ಲಿ ಹುಟ್ಟಿಕೊಳ್ಳುವುದೂ ಇರಬಹುದು. ಇರಲಿ. ಬಿಸಿಯೂ ಹಾಗೇ ಅಲ್ವಾ? ಒಂಟಿ ಅಣುವಿಗೆ ಬಿಸಿ ಅನ್ನುವುದಿಲ್ಲ, ಅಸಂಖ್ಯ ಅಣುಗಳು ಸೇರಿದಾಗ ಮುಟ್ಟಿದ ಕೈ ಸುಡುತ್ತದೆ. ಹಾಗೆ ಹುಟ್ಟಿದ್ದನ್ನು ಭ್ರಮೆ ಎನ್ನಲು ನಾನು ತಯಾರಿಲ್ಲ.