ಶೂನ್ಯ ಇಂಗಾಲದ ಕಟ್ಟಡ ಕಲಿಯಲು ಹೊರಟವರಿಗೆ

ಬಿ.ಆರ್ಕ್ ಅಥವಾ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಈಗೀಗ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಜೀರೋ ಕಾರ್ಬನ್ ಬಿಲ್ಡಿಂಗ್ ಡಿಸೈನ್‌ನಲ್ಲಿ ಎಂ.ಎಸ್ಸಿ. ಮಾಡ್ಬೇಕು ಅಂತಿದೀನಿ. ಇಂಗ್ಲೆಂಡಿಗೆ ಹೋಗ್ಲಾ, ಇಲ್ಲೇ ಮಾಡ್ಲಾ?" ಕಟ್ಟುವಾಗಲೂ ವಾಸಿಸುವಾಗಲೂ ಗಾಳಿಗೆ ಸೇರುವ ಇಂಗಾಲವನ್ನು ಆದಷ್ಟು ಸೊನ್ನೆಗೆ ಇಳಿಸುವ ಕಟ್ಟಡಗಳ ವಿದ್ಯೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಒಮ್ಮೆ ಕೂತು ಪೂರ್ತಿ ಬರೆದುಬಿಡೋಣ ಅನ್ನಿಸಿತು. ಅಪ್ಪ ಅಮ್ಮಂದಿರೂ ಓದಲಿ. ಬ್ರಿಟನ್ನಿನಲ್ಲಿ ಹೊರದೇಶದ ವಿದ್ಯಾರ್ಥಿಗೆ ಒಂದು ವರ್ಷದ ಶುಲ್ಕವೇ 20 ಸಾವಿರ ಪೌಂಡ್ ದಾಟುವುದು ಸಾಮಾನ್ಯ, ಆ ಸಾಲದ ಕಾಗದಕ್ಕೆ ಸಹಿ ಹಾಕುವವರು ಅವರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲಿ ಓದಿದರೂ ಸರಿ, ಅಳೆಯುವುದನ್ನು ಕಲಿತು ಬನ್ನಿ. ಅಲ್ಲಿ ಅಳೆದು ಕಂಡುಕೊಂಡ ಪರಿಹಾರಗಳನ್ನು ಮಾತ್ರ ಹಾಗೇ ಹೊತ್ತು ತರಬೇಡಿ. ಯಾಕೆ ಅನ್ನುವುದು ಒಂದು ಸಣ್ಣ ಲೆಕ್ಕದಲ್ಲೇ ಗೊತ್ತಾಗುತ್ತದೆ.

ನಮ್ಮ ಮೇಸ್ತ್ರಿಗಳ ಬಾಯಿಲೆಕ್ಕ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು: ಆರ್‌ಸಿಸಿ ಮನೆಗೆ ಚದರಡಿಗೆ ಸುಮಾರು 0.4 ಮೂಟೆ ಸಿಮೆಂಟು, 4 ಕೆ.ಜಿ. ಕಬ್ಬಿಣ. ಸಾವಿರ ಚದರಡಿಯ ಮನೆಗೆ 400 ಮೂಟೆ ಸಿಮೆಂಟು, ಅಂದರೆ 20 ಟನ್. ಕಬ್ಬಿಣ 4 ಟನ್. ಸಿಮೆಂಟಿಗೆ ಎಷ್ಟು ಹಾರುಬೂದಿ (ಕಲ್ಲಿದ್ದಲು ಉರಿಸಿ ಉಳಿದ ಬೂದಿ) ಬೆರೆಸಿದ್ದಾರೆ ಅನ್ನುವುದರ ಮೇಲೆ ಒಂದು ಟನ್ ಸಿಮೆಂಟಿಗೆ ಸುಮಾರು 600ರಿಂದ 850 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕಬ್ಬಿಣಕ್ಕೆ ಟನ್ನಿಗೆ 2 ಟನ್ನಿಗೂ ಮೇಲೆ. ಇವೆರಡನ್ನು ಕೂಡಿದರೆ ಸಾಕು, ಇಟ್ಟಿಗೆ, ಟೈಲ್ಸ್, ಕಿಟಕಿ, ಬಣ್ಣ ಯಾವುದೂ ಲೆಕ್ಕಕ್ಕೆ ಬರುವ ಮೊದಲೇ 20 ಟನ್ ದಾಟಿರುತ್ತದೆ. ಆ ಮನೆಯಲ್ಲಿ ತಿಂಗಳಿಗೆ 100 ಯುನಿಟ್ ಕರೆಂಟು ಖರ್ಚಾಗುತ್ತದೆ ಅಂದುಕೊಳ್ಳಿ. ನಮ್ಮ ದೇಶದ ಗ್ರಿಡ್‌ನಲ್ಲಿ ಯುನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 840 ಕೆ.ಜಿ. ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಹೊತ್ತಿಗೇ ಆ ಮನೆ ಇಪ್ಪತ್ತೈದು ವರ್ಷದ ಕರೆಂಟಿಗೆ ಸಮನಾದ ಇಂಗಾಲವನ್ನು ಹೊರಹಾಕಿ ಆಗಿರುತ್ತದೆ.

ಇದರಲ್ಲಿ ಇನ್ನೊಂದು ವಿಷಯ ಇದೆ. ಕರೆಂಟಿನ ಲೆಕ್ಕ ಮುಂದೆ ಕಡಿಮೆಯಾಗುತ್ತಾ ಹೋಗಬಹುದು, ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇರುವ ರಾಜ್ಯ ನಮ್ಮದು. ಪಾಯಕ್ಕೆ, ಕಾಲಂಗೆ, ಸ್ಲ್ಯಾಬಿಗೆ ಸುರಿದ ಸಿಮೆಂಟಿನ ಲೆಕ್ಕ ಒಮ್ಮೆ ಆದದ್ದು ಆಯಿತು. ಯಾವ ಸೋಲಾರ್ ಪ್ಯಾನೆಲ್ಲೂ ಅದನ್ನು ವಾಪಸ್ ತರುವುದಿಲ್ಲ.

ಬ್ರಿಟನ್ನಿನ ಮನೆಯ ಲೆಕ್ಕ ಬೇರೆಯೇ. ಅಲ್ಲಿ ಸಾಧಾರಣ ಕುಟುಂಬವೊಂದು ವರ್ಷಕ್ಕೆ ಬಳಸುವ ಗ್ಯಾಸು ಸುಮಾರು 11,500 ಯುನಿಟ್ (ಕಿಲೋವ್ಯಾಟ್ ಅವರ್) ಅಂತ ಇಂಧನ ನಿಯಂತ್ರಕರೇ 2023ರಲ್ಲಿ ಲೆಕ್ಕ ಹಿಡಿದಿದ್ದರು. ಬಹುಪಾಲು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದಕ್ಕೆ. ಅದೊಂದರಿಂದಲೇ ವರ್ಷಕ್ಕೆ 2 ಟನ್ ಇಂಗಾಲದ ಡೈಆಕ್ಸೈಡ್. ಹತ್ತು ವರ್ಷ ಹೀಗೆ ಗ್ಯಾಸು ಉರಿಸಿದರೆ ನಮ್ಮ ಸಾವಿರ ಚದರಡಿ ಮನೆಯ ಸಿಮೆಂಟು ಕಬ್ಬಿಣದ ಲೆಕ್ಕ ಸರಿಹೋಯಿತು. ಹಾಗಾಗಿ ಅಲ್ಲಿನ ಕೋರ್ಸುಗಳಲ್ಲಿ ಶಾಖ ಹೊರಹೋಗದಂತೆ ತಡೆಯುವುದು, ಗೋಡೆಗೆ ಹೊದಿಕೆ, ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆ ಎಳೆದು ತರುವ ಹೀಟ್ ಪಂಪ್, ನೂರು ವರ್ಷದ ಹಳೆ ಮನೆಗಳ ದುರಸ್ತಿ ಇವಕ್ಕೆ ದೊಡ್ಡ ಜಾಗ. ಅದು ಸರಿಯೂ ಹೌದು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ, ಬಹಳ ಕಡಿಮೆ ಇಂಧನದಲ್ಲೇ ಬೆಚ್ಚಗಿರುವ ಪ್ಯಾಸಿವ್ ಹೌಸ್‌ನಿಂದ ಬೆಳೆದ ಮಾನದಂಡದ ಪ್ರಕಾರ ಬಿಸಿ ಮಾಡಲು ಚದರ ಮೀಟರಿಗೆ ವರ್ಷಕ್ಕೆ 15 ಯುನಿಟ್ ಮೀರುವ ಹಾಗಿಲ್ಲ. ಸಂದಿಗೊಂದಿಯಿಂದ ಗಾಳಿ ನುಸುಳದಂತೆ ಮುಚ್ಚಿ, ಫ್ಯಾನು ಹಚ್ಚಿ ಪರೀಕ್ಷೆ ಮಾಡುತ್ತಾರೆ. ಆ ಶಿಸ್ತು ನೋಡಿ ಕಲಿಯುವಂಥದ್ದು. ಆದರೆ ಮೇ ತಿಂಗಳ ಮಂಗಳೂರಿನಲ್ಲಿ ಎಸಿ ಇಲ್ಲದ ಮನೆಗೆ ಬೇಕಾದ್ದು ಗಾಳಿ ಹಾಯುವ ದಾರಿ.

ಸಿಮೆಂಟಿನ ರಸಾಯನಶಾಸ್ತ್ರವನ್ನು ಯಾವ ಕೋರ್ಸಿನಲ್ಲಾದರೂ ಗಟ್ಟಿಯಾಗಿ ಓದಿ. ಶುದ್ಧ ಸುಣ್ಣದ ಕಲ್ಲು 100 ಕೆ.ಜಿ. ಸುಟ್ಟರೆ 56 ಕೆ.ಜಿ. ಸುಣ್ಣ ಉಳಿದು 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದು ಕಲ್ಲಿನೊಳಗಿನಿಂದಲೇ ಬರುವುದು. ಗೂಡಿಗೆ ಕಲ್ಲಿದ್ದಲ ಬದಲು ಸೌರ ವಿದ್ಯುತ್ ಕೊಟ್ಟರೂ ಈ 44 ನಿಲ್ಲುವುದಿಲ್ಲ. ಸೇಡಂ, ವಾಡಿ, ಮಳಖೇಡದ ಕಡೆಯವರಿಗೆ ಈ ಗೂಡುಗಳನ್ನು ಪರಿಚಯ ಮಾಡಿಕೊಡಬೇಕಿಲ್ಲ. ಸುಟ್ಟ ಜೇಡಿಮಣ್ಣನ್ನೂ ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸಿ ಸುಟ್ಟ ಸುಣ್ಣಕಲ್ಲಿನ ಪಾಲನ್ನು ಅರ್ಧಕ್ಕೆ ಇಳಿಸುವ ಎಲ್‌ಸಿ3 ಎಂಬ ಸಿಮೆಂಟನ್ನು ಸ್ವಿಟ್ಜರ್ಲೆಂಡಿನ ಲೊಸಾನ್‌ನ ವಿಜ್ಞಾನಿಗಳ ಜೊತೆ ದಿಲ್ಲಿ ಮತ್ತು ಮದ್ರಾಸಿನ ಐಐಟಿಗಳವರು ಬೆಳೆಸಿದ್ದಾರೆ. ಇಂಗಾಲ 40% ತನಕ ಕಡಿಮೆ. ಈ ಹೊತ್ತಿನಲ್ಲಿ ಕಟ್ಟಡ ಲೋಕದಲ್ಲಿ ನನಗೆ ಬಹಳ ಭರವಸೆ ಕೊಟ್ಟಿರುವ ಕೆಲಸ ಇದು.

ಈ ವಿದ್ಯೆ ಪೂರ್ತಿ ಹೊರಗಿನಿಂದ ಬರಬೇಕಾದ್ದು ಅಂತ ನಮ್ಮ ವಿದ್ಯಾರ್ಥಿಗಳು ನಂಬಿರುವುದು ನನಗೆ ನೋವಿನ ಸಂಗತಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರ ಶುರು ಮಾಡಿದರು. ನಿಮ್ಮ ಅಜ್ಜಿ ಮನೆಯಲ್ಲಿ ಅಸ್ತ್ರ ಒಲೆ ನೋಡಿದ್ದರೆ ಅದು ಅಲ್ಲಿಂದ ಬಂದದ್ದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಹಳ್ಳಿ ಕೇಂದ್ರ. ಅದೇ ಬಳಗದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಅವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಬ್ಲಾಕಿನ ಮೇಲೆ ದಶಕಗಟ್ಟಲೆ ದುಡಿದರು. ಕಟ್ಟಡ ಸಾಮಗ್ರಿಗಳಲ್ಲಿ ಅಡಗಿರುವ ಶಕ್ತಿಯ ಬಗ್ಗೆ 2003ರಲ್ಲಿ ಇಬ್ಬರೂ ಪ್ರಕಟಿಸಿದ ಪ್ರಬಂಧವನ್ನು ಲೋಕದ ಎಲ್ಲ ಕಡೆ ಉಲ್ಲೇಖಿಸುತ್ತಾರೆ. ಅವರ ಲೆಕ್ಕದಲ್ಲಿ ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೂಲ್ ಶಕ್ತಿ ಬೇಕು. ಅಂಥ ಎರಡೂವರೆ ಇಟ್ಟಿಗೆಯಷ್ಟು ದೊಡ್ಡದಾದ, 6% ಸಿಮೆಂಟು ಬೆರೆತ ಮಣ್ಣಿನ ಬ್ಲಾಕಿಗೆ 2.60 ಮೆಗಾಜೂಲ್ ಸಾಕು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಕಾಲು ಭಾಗಕ್ಕಿಂತಲೂ ಕಡಿಮೆ. ಇಂಗಾಲದ ಮಾತು ಇಷ್ಟು ಬಳಕೆಗೆ ಬರುವ ಎಷ್ಟೋ ಮೊದಲೇ ಬೆಂಗಳೂರಿನಲ್ಲಿ ಕೂತು ಈ ಲೆಕ್ಕ ಮಾಡಿದವರಿದ್ದರು.

ಇದನ್ನು ಓದಿ ಹಳೆಯ ಕಾಲವೇ ಚೆನ್ನಾಗಿತ್ತು ಅಂದುಕೊಳ್ಳಬೇಡಿ. ಮಣ್ಣಿನ ಮನೆಯಿಂದ ಜನ ಹೊರಬಂದದ್ದಕ್ಕೆ ಕಾರಣ ಇತ್ತು. 2009ರ, 2019ರ ನೆರೆಯಲ್ಲಿ ಉತ್ತರ ಕರ್ನಾಟಕದ ಎಷ್ಟು ಮಣ್ಣಿನ ಗೋಡೆಗಳು ಕುಸಿದವು ಅನ್ನುವುದನ್ನು ಕಂಡವರಿಗೆ ಆರ್‌ಸಿಸಿ ಮನೆ ಬೇಕು ಅನ್ನುವವರ ಮೇಲೆ ಕೋಪ ಬರುವುದಿಲ್ಲ. ಮಾಳಿಗೆ ಸೋರದಂತೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಬಡಿಯುವ ಶ್ರಮ ಸಣ್ಣದಲ್ಲ. ತಂಪಾದ ಮನೆಯೂ ಬೇಕು, ನೆರೆಗೆ ಬೀಳದ ಗೋಡೆಯೂ ಬೇಕು, ಇಂಗಾಲವೂ ಕಡಿಮೆ ಇರಬೇಕು. ಮೂರನ್ನೂ ಒಟ್ಟಿಗೆ ಸಾಧಿಸುವುದು ಕಷ್ಟ. ಸ್ನಾತಕೋತ್ತರ ಓದು ಬೇಕಾಗುವುದೇ ಇಲ್ಲಿ.

ಮತ್ತೆ, ಬೆಂಗಳೂರಿನ ಪರಿಹಾರ ವಿಜಯಪುರಕ್ಕೂ ಹೊಂದುವುದಿಲ್ಲ! ಹಳೇ ಮೈಸೂರಿನ ಕೆಂಪು ಮಣ್ಣಿಗೆ ಸಿಮೆಂಟು ಚೆನ್ನಾಗಿ ಹಿಡಿಯುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸುಣ್ಣ ಬೇಕು, ಮರಳು ಬೇಕು, ಬೇರೆಯೇ ಅಳತೆ ಬೇಕು. ಕರಾವಳಿಗೆ ಹೋದರೆ ಮುರಕಲ್ಲು ಇದೆ, ಹೆಂಚು ಇದೆ, ಅಲ್ಲಿನ ಸಮಸ್ಯೆ ಬಿಸಿಲಿಗಿಂತ ತೇವದ್ದು. ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸ ಇರುವಾಗ ಅಲ್ಲಿಂದ ಇಲ್ಲಿಗೆ ನಕಲು ಮಾಡುವವರಿಗಿಂತ ತಮ್ಮ ಊರಿನ ಮಣ್ಣನ್ನು ಜರಡಿ ಹಿಡಿದು, ಬ್ಲಾಕ್ ಒತ್ತಿ, ನೀರಲ್ಲಿ ನೆನೆಸಿ, ಮುರಿದು ನೋಡುವವರು ನಮಗೆ ಹೆಚ್ಚು ಬೇಕು.

ವೇಲ್ಸ್‌ನ ಮಖನ್‌ತ್ಲೆತ್ ಪಟ್ಟಣದ ಹತ್ತಿರ ಪಾಳುಬಿದ್ದ ಸ್ಲೇಟು ಕಲ್ಲಿನ ಕ್ವಾರಿಯೊಂದರಲ್ಲಿ 1973ರಲ್ಲಿ ಶುರುವಾದ ಸೆಂಟರ್ ಫಾರ್ ಆಲ್ಟರ್ನೇಟಿವ್ ಟೆಕ್ನಾಲಜಿ ಇದೆ. ಅಲ್ಲಿ ಸ್ನಾತಕೋತ್ತರ ತರಗತಿಗಳು ನಡೆಯುತ್ತವೆ. 2010ರಲ್ಲಿ ತೆರೆದ ಅವರ ಕಟ್ಟಡದ ದುಂಡನೆಯ ಉಪನ್ಯಾಸ ಮಂದಿರಕ್ಕೆ ಮಣ್ಣನ್ನು ಬಡಿದು ಬಡಿದು ಎಬ್ಬಿಸಿದ 7.2 ಮೀಟರ್ ಎತ್ತರದ ಗೋಡೆ. ಕಲಿಸುವ ವಿಷಯವೇ ಗೋಡೆಯಾಗಿ ಸುತ್ತ ನಿಂತಿದೆ, ವಿದ್ಯಾರ್ಥಿಗಳು ಅದರೊಳಗೆ ಕೂತು ಪಾಠ ಕೇಳುತ್ತಾರೆ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಇಂಧನ ಉಳಿತಾಯದ ಪಾಠ ನಡೆಯುವುದು ಹಗಲಲ್ಲೂ ಟ್ಯೂಬ್‌ಲೈಟ್ ಹಚ್ಚಲೇಬೇಕಾದ ಕೋಣೆಯಲ್ಲಿ.

ನೋಡಿ ಕಲಿಯಲು ಹತ್ತಿರದಲ್ಲಿ ಏನೂ ಇಲ್ಲ ಅನ್ನುವಂತಿಲ್ಲ. ಬೆಂಗಳೂರಿನ ದೊಮ್ಮಲೂರಿನಲ್ಲಿ ಸಂಜಯ್ ಮೋಹೆ ವಿನ್ಯಾಸ ಮಾಡಿದ, ಇಂಧನ ಮತ್ತು ಪರಿಸರದ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ಕಟ್ಟಡ ಇದೆ. ನಿವೇಶನದ ದಕ್ಷಿಣಕ್ಕೆ ನಾರುವ ಮೋರಿ. ಆ ಕಡೆಗೆ ಕಿಟಕಿ ಇಡದೆ ಕಪ್ಪು ಕಡಪ ಕಲ್ಲಿನ ಗೋಡೆ ನಿಲ್ಲಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಅದರ ಹಿಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಸೆಳೆತಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಮೋರಿಯ ವಾಸನೆಯನ್ನೂ ಸೆಖೆಯನ್ನೂ ಒಂದೇ ಗೋಡೆಯಿಂದ ನಿಭಾಯಿಸಿದ ಈ ಉಪಾಯ ಬ್ರಿಟನ್ನಿನ ಯಾವ ಪಠ್ಯಕ್ಕೂ ಕಡಿಮೆಯದಲ್ಲ.

ಕಾನೂನು ನೋಡಿ ಕೋರ್ಸು ಆರಿಸುವವರಿಗೆ ಒಂದು ಎಚ್ಚರಿಕೆ. ಇಂಗ್ಲೆಂಡಿನ ಹೊಸ ಮನೆಗಳೆಲ್ಲ 2016ರಿಂದ ಶೂನ್ಯ ಇಂಗಾಲದವೇ ಆಗಬೇಕು ಅಂತ ಅಲ್ಲಿನ ಸರ್ಕಾರ 2006ರಲ್ಲಿ ಘೋಷಿಸಿತು. ಉದ್ಯಮ ಸಿದ್ಧವಾಯಿತು, ಓದಿದವರು ಸಿದ್ಧರಾದರು. 2015ರ ಜುಲೈನಲ್ಲಿ ಅದನ್ನು ಕೈಬಿಟ್ಟರು. ನಮ್ಮಲ್ಲಿ ವಸತಿ ಕಟ್ಟಡಗಳ ಇಂಧನ ಉಳಿತಾಯಕ್ಕೆಂದು ಬಂದ 2018ರ ಇಕೋ ನಿವಾಸ್ ಸಂಹಿತೆ ಮನೆಯ ಗೋಡೆ, ಕಿಟಕಿಗಳಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಅಂತ ಮಿತಿ ಹಾಕಿತು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ದೊಡ್ಡ ವಸತಿ ಕಟ್ಟಡಗಳೂ ಅದರ ವ್ಯಾಪ್ತಿಗೆ ಬಂದವು. ಒಳ್ಳೆಯದೇ. ಆದರೆ ನಮ್ಮ ಬಡಾವಣೆಗಳಲ್ಲಿ ದಿನಾ ಏಳುತ್ತಿರುವ 30×40 ಸೈಟಿನ ಮನೆಗಳನ್ನು ಈ ಯಾವ ನಿಯಮವೂ ಮುಟ್ಟುವುದಿಲ್ಲ. ಆ ಮನೆಯ ಇಂಗಾಲವನ್ನು ತೀರ್ಮಾನಿಸುವವರು ಮಾಲೀಕ ಮತ್ತು ಮೇಸ್ತ್ರಿ. ಚದರ ಮೀಟರಿನ ಲೆಕ್ಕದಲ್ಲಿ ಕೊಡುವ ಹಸಿರು ಕಟ್ಟಡದ ಪ್ರಮಾಣಪತ್ರವೂ ಇಬ್ಬರಿಗೆ 5,000 ಚದರಡಿಯ ಮನೆ ಯಾಕೆ ಅಂತ ಕೇಳುವುದಿಲ್ಲ.

ಹಾಗಾಗಿ ಕೋರ್ಸು ಆರಿಸುವಾಗ ರ‍್ಯಾಂಕಿಂಗ್ ನೋಡುವ ಮೊದಲು ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ. ಪ್ರಯೋಗಾಲಯದಲ್ಲಿ ನಿಮ್ಮ ಕೈಗೆ ಮಣ್ಣು ಸಿಮೆಂಟು ಹತ್ತುತ್ತದೆಯೋ, ಇಡೀ ವರ್ಷ ಸಾಫ್ಟ್‌ವೇರ್ ಮುಂದೆಯೇ ಕಳೆಯುತ್ತದೆಯೋ? ಜನ ವಾಸ ಇರುವ ಕಟ್ಟಡಕ್ಕೆ ಸೆನ್ಸರ್ ಹಾಕಿ ಅಳೆಯುತ್ತಾರೋ? ನಿಮ್ಮ ಪ್ರಬಂಧಕ್ಕೆ ಕಲಬುರಗಿಯ ಹವೆಯನ್ನು ತೆಗೆದುಕೊಳ್ಳಲು ಬಿಡುತ್ತಾರೋ? ಕಟ್ಟಡದ ಶಾಖ, ಇಂಧನದ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಹಾಕಿ ತೋರಿಸುವ ಎನರ್ಜಿಪ್ಲಸ್ ತರಹದ ಸಿಮ್ಯುಲೇಷನ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಮನೆಯಲ್ಲೇ ಕೂತು ಕಲಿಯಬಹುದು. ಪರದೆಯ ಮೇಲಿನ ಅಂಕಿ ಸರಿಯೋ ತಪ್ಪೋ ಅಂತ ಹೇಳುವ ಅನುಭವ ಕಲಿಸುವವರು ಅಪರೂಪ, ಸಾಲ ಮಾಡಿದರೂ ಅಂಥವರಿಗಾಗಿ ಮಾಡಿ. ಇಲ್ಲೇ ಓದುವವರಿಗೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಇದೆ. ಬೆಂಗಳೂರೂ ಸೇರಿ 5 ನಗರಗಳ ಕಚೇರಿಗಳಲ್ಲಿ ಜನರನ್ನೇ ಕೇಳಿ, ನಮಗೆ ಎಷ್ಟು ಸೆಖೆ ಹಿತ ಅನ್ನುವ ಭಾರತೀಯ ಮಾದರಿಯನ್ನು ರೂಪಿಸಿದವರು ಅವರು. ಹೈದರಾಬಾದಿನ ಐಐಐಟಿಯಲ್ಲಿ ಕಟ್ಟಡ ವಿಜ್ಞಾನದ ಸಂಶೋಧನೆ ಇದೆ. ಸಂಶೋಧನೆಯ ಮನಸ್ಸಿದ್ದರೆ 'ಅಸ್ತ್ರ'ದ ಇಂದಿನ ರೂಪವಾದ ಸುಸ್ಥಿರ ತಂತ್ರಜ್ಞಾನ ಕೇಂದ್ರ ನಮ್ಮ ಮನೆ ಬಾಗಿಲಲ್ಲೇ ಇದೆ.

ನಮ್ಮ ವಿಶ್ವವಿದ್ಯಾಲಯಗಳನ್ನು ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಇಂಥದೊಂದು ಸ್ನಾತಕೋತ್ತರ ಕೋರ್ಸನ್ನು ಕಲಬುರಗಿಯಲ್ಲಿ ತೆರೆಯಿರಿ. ಸುಣ್ಣದ ಕಲ್ಲೂ ಅಲ್ಲೇ, ಸಿಮೆಂಟಿನ ಗೂಡೂ ಅಲ್ಲೇ, ಶಹಾಬಾದ್ ಕಲ್ಲೂ ಅಲ್ಲೇ, ರಾಜ್ಯದ ಉರಿ ಬಿಸಿಲೂ ಅಲ್ಲೇ. ಗಾರೆ ಕೆಲಸದ ಅನುಭವಿ ಮೇಸ್ತ್ರಿಗಳನ್ನು ಸಂಬಳ ಕೊಟ್ಟು ಅಧ್ಯಾಪಕರನ್ನಾಗಿ ಕರೆತನ್ನಿ, ಅರ್ಧ ಪಾಠ ಕನ್ನಡದಲ್ಲೇ ನಡೆಯಲಿ. ಸೈಟಿನಲ್ಲಿ ಮೇಸ್ತ್ರಿಗೆ ವಿವರಿಸಲು ಬಾರದ ಎಂ.ಎಸ್ಸಿ. ಒಂದು ಮೂಟೆ ಸಿಮೆಂಟನ್ನೂ ಉಳಿಸುವುದಿಲ್ಲ.

ಈ ಸೆಪ್ಟೆಂಬರಿಗೆ ಹೊರಡುವವರಿಗೆ ಒಂದು ಕೆಲಸ ಹೇಳುತ್ತೇನೆ. ತಾಪಮಾನ, ತೇವಾಂಶ ದಾಖಲಿಸುವ ಸಣ್ಣ ಲಾಗರ್‌ಗಳು ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಹೋಗುವ ಮೊದಲು ನಿಮ್ಮ ಮನೆಯ ಸ್ಲ್ಯಾಬಿನ ಕೆಳಗಿನ ಕೋಣೆಯಲ್ಲೊಂದು, ಊರಿನ ಹಳೆ ಮನೆಯ ನಡುಮನೆಯಲ್ಲೊಂದು ಇಟ್ಟು ಹೋಗಿ. ತಿಂಗಳಿಗೊಮ್ಮೆ ಅದರ ಅಂಕಿಗಳನ್ನು ಕಳಿಸುವಂತೆ ತಮ್ಮನಿಗೋ ತಂಗಿಗೋ ಹೇಳಿ. ಪ್ರಬಂಧದ ವಿಷಯ ಆರಿಸುವ ಹೊತ್ತಿಗೆ ನಿಮ್ಮ ಕೈಯಲ್ಲಿ ನಿಮ್ಮೂರಿನ ಮಳೆಗಾಲ, ಚಳಿಗಾಲ, ಬೇಸಿಗೆ ಮೂರರ ಲೆಕ್ಕವೂ ಇರುತ್ತದೆ, ಅದನ್ನು ತೆಗೆದುಕೊಂಡೇ ಗೈಡ್ ಹತ್ತಿರ ಹೋಗಿ.